ಶಿಕಾರಿಪುರದಿಂದ ಉಳವಿಗೆ, ಶಮೀಮಾಳ ಜೊತೆ

ದಾವಣಗೆರೆಯಿಂದ ಬೆಳಗಿನ ಆರೂವರೆಯ ಸರ್ಕಾರಿ ಬಸ್ಸು ಹಿಡಿದೆ. ಕಂಡಕ್ಟರ್ ಆಧಾರ್ ಕಾರ್ಡ್ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟರು. ಹರಿಹರದಲ್ಲಿ ಶಮೀಮಾ ಹತ್ತಿದಳು. ಎಡಗೈಯಲ್ಲಿ ಬಟ್ಟೆಯ ಚೀಲ, ಬಲಗೈ ಎಂದಿನಂತೆ ಸೆರಗಿನೊಳಗೆ. ನಾನು ಸರಿದು ಅವಳಿಗೆ ನನ್ನ ಬಲಗಡೆ ಜಾಗ ಮಾಡಿಕೊಟ್ಟೆ. ನನ್ನ ಎಡಗಿವಿ ಕೇಳಿಸುವುದಿಲ್ಲ, ಆ ಕಡೆ ಕೂತವರ ಮಾತೆಲ್ಲ ಬಸ್ಸಿನ ಸದ್ದಿಗೆ ಹೋಗುತ್ತದೆ.

ದೀಪಾವಳಿ ಕಳೆದು ಹತ್ತು ದಿನವಾಗಿತ್ತು. ಚಳಿ ಇನ್ನೂ ಕೂತಿರಲಿಲ್ಲ. ಮೂರು ದಿನದಲ್ಲಿ ಮೂರು ಹೈಸ್ಕೂಲುಗಳಿಗೆ ಹೋಗುವುದಿತ್ತು: ಶಿಕಾರಿಪುರ ತಾಲ್ಲೂಕಿನ ಉಡುತಡಿ, ತೊಗರ್ಸಿ, ಆಮೇಲೆ ಸೊರಬದ ಕಡೆಯ ಉಳವಿ. ಆರು ವರ್ಷದಿಂದ ನಾವಿಬ್ಬರೂ ಹೀಗೆ ಊರೂರು ಸುತ್ತುತ್ತಿದ್ದೇವೆ. ನಮ್ಮ ಕೆಲಸ ಏನೆಂದು ಯಾರಾದರೂ ಕೇಳಿದರೆ, ಮಕ್ಕಳಿಗೆ ನಮ್ಮ ಕಥೆ ಹೇಳುವುದು ಎನ್ನುತ್ತೇನೆ.

ಹನ್ನೊಂದು ವರ್ಷದ ಹಿಂದೆ ದೊಡ್ಡ ಊರೊಂದರ ಮಾರುಕಟ್ಟೆಯಲ್ಲಿ ಬಾಂಬ್ ಸಿಡಿಯಿತು. ನಾನು ಅಲ್ಲಿನ ಸೀರೆ ಅಂಗಡಿಯೊಂದರಲ್ಲಿ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುವ ಕೆಲಸದಲ್ಲಿದ್ದೆ. ಶಮೀಮಾಳ ಗಂಡ ಅದೇ ಬೀದಿಯಲ್ಲಿ ತಳ್ಳುಗಾಡಿಯ ಮೇಲೆ ಕಾಲುಚೀಲ, ಕರವಸ್ತ್ರ ಮಾರುತ್ತಿದ್ದರು. ಅವತ್ತು ಅವಳು ಅವರಿಗೆ ಊಟದ ಡಬ್ಬಿ ಕೊಡಲು ಬಂದಿದ್ದಳು. ಅವರು ಉಳಿಯಲಿಲ್ಲ. ಅವಳ ಬಲಗೈಯ ಮೂರು ಬೆರಳು ಹೋದವು. ನನ್ನ ಒಂದು ಕಿವಿ ಹೋಯಿತು, ಹೆಗಲಿನಲ್ಲಿ ಗಾಜಿನ ಚೂರು ಎರಡು ಈಗಲೂ ಇವೆ. ಅದಕ್ಕೆ ಮೊದಲು ನಮಗೆ ಪರಿಚಯವಿರಲಿಲ್ಲ. ಆಸ್ಪತ್ರೆಯ ಒಂದೇ ವಾರ್ಡಿನಲ್ಲಿ, ಅಕ್ಕಪಕ್ಕದ ಹಾಸಿಗೆಗಳಲ್ಲಿ ಇಪ್ಪತ್ತಮೂರು ದಿನ ಮಲಗಿದ್ದೆವು.

ಮುಂದೆ ಸಾಕ್ಷಿ ಹೇಳಲು ಕೋರ್ಟಿಗೆ ಹೋದಾಗ ಆರೋಪಿಗಳನ್ನು ನೋಡಿದೆವು. ಇಬ್ಬರಿಗೆ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಾಗ ಶಮೀಮಾ ಹೇಳಿದಳು, "ಇವ್ರೂ ಯಾವುದೋ ಶಾಲೆ ಬೆಂಚಿನ ಮ್ಯಾಲೆ ಕೂತಿದ್ದೋರೇ ಅಲ್ವಾ ಅಕ್ಕಾ? ಆಗ ಯಾರಾದ್ರೂ ಹೋಗಿ ಮಾತಾಡ್ಸಿದ್ರೆ?" ನಮ್ಮ ಕೆಲಸ ಶುರುವಾದದ್ದು ಆ ಮಾತಿನಿಂದ.

ಹೊನ್ನಾಳಿಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ಇಡ್ಲಿ ತಿಂದು ಚಹಾ ಕುಡಿದೆವು. ಅಲ್ಲಿಂದ ಮುಂದೆ ದಾರಿಯುದ್ದಕ್ಕೂ ಮೆಕ್ಕೆಜೋಳ. ಅರ್ಧ ರಸ್ತೆಯ ಮೇಲೆ ಹರವಿ, ಅಂಚಿಗೆ ಕಲ್ಲು ಜೋಡಿಸಿದ್ದರು. ಹೆಂಗಸರು ಬರಿಗಾಲಿನಲ್ಲಿ ಕಾಳಿನ ಮೇಲೆ ನಡೆಯುತ್ತ, ಕಾಲಿನಿಂದಲೇ ಅದನ್ನು ಸಾಲು ಸಾಲಾಗಿ ತಿರುವಿ ಹಾಕುತ್ತಿದ್ದರು. ಡ್ರೈವರ್ ಬಯ್ದುಕೊಳ್ಳದೆ, ಒಂದು ಕಾಳೂ ಚಕ್ರಕ್ಕೆ ಸಿಕ್ಕದಂತೆ ಬಸ್ಸನ್ನು ಪಕ್ಕಕ್ಕೆ ಇಳಿಸಿ ಓಡಿಸಿದರು.

ಶಿಕಾರಿಪುರದ ಬಸ್‌ಸ್ಟ್ಯಾಂಡಿನಲ್ಲಿ ಗಿರಿಜಮ್ಮ ಕಾಯುತ್ತಿದ್ದರು. ನಿವೃತ್ತ ಶಿಕ್ಷಕಿ. ಮೂರೂ ಶಾಲೆಗಳಿಗೆ ಫೋನು ಮಾಡಿ ನಮ್ಮನ್ನು ಕರೆಸಿದವರು ಅವರೇ. "ಬರ್ರೀ ಬರ್ರೀ, ಬಿಸಿಲೇರೋದ್ರೊಳಗ ಹೋಗಿಬಿಡೋಣ" ಎಂದು ನಮ್ಮನ್ನು ಆಟೋದೊಳಗೆ ಕೂರಿಸಿಯೇಬಿಟ್ಟರು.

ಉಡುತಡಿಯ ಶಾಲೆಯಲ್ಲಿ ಮಕ್ಕಳು ಅಂಗಳದಲ್ಲಿ ಸಾಲಾಗಿ ಕೂತಿದ್ದರು. ನಾನು ಎಂದಿನಂತೆ ಹೇಳಿದೆ: ಮಧ್ಯಾಹ್ನದ ಹೊತ್ತು, ಅಂಗಡಿಯ ಗಾಜಿನ ಬಾಗಿಲು, ಬೆಳಕು, ಸದ್ದು, ಹೊಗೆ. ಮಕ್ಕಳು ಬಾಯಿ ತೆರೆದುಕೊಂಡು ಕೇಳಿದರು. ಮುಗಿದ ಕೂಡಲೇ ಹತ್ತು ಕೈಗಳು ಮೇಲೆದ್ದವು.

"ಸೌಂಡ್ ಎಷ್ಟು ದೊಡ್ಡದು ಇತ್ರೀ?"

"ಬಸ್ಸಿನಷ್ಟು ದೊಡ್ಡ ಗೋಡೆ ಬಿತ್ತೇನ್ರಿ?"

"ರಿಮೋಟ್‌ದಾಗ ಒತ್ತಿದ್ರೇನ್ರಿ?"

ಶಮೀಮಾ ತನ್ನ ಪಾಠ ಮಾಡಿದಳು. ಮೊಬೈಲಿನಲ್ಲಿ ಯಾರ ಮೇಲಾದರೂ ಸಿಟ್ಟು ಬರಿಸುವ ವಿಡಿಯೋ ಬಂದರೆ ಏನು ಮಾಡಬೇಕು, ಅದನ್ನು ಕಳಿಸಿದವರು ಯಾರು, ಅದರಿಂದ ಅವರಿಗೇನು ಲಾಭ ಎಂದು ಹೇಗೆ ಕೇಳಿಕೊಳ್ಳಬೇಕು ಎಂಬುದು ಅವಳ ಪಾಠ. ಆ ಹೊತ್ತಿಗೆ ಮಕ್ಕಳ ಗಮನ ಬಿಸಿಯೂಟದ ಕಡೆ ಹೋಗಿತ್ತು. ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಿದರು.

ಸಂಜೆ ಗಿರಿಜಮ್ಮನ ಮನೆಯಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಶೇಂಗಾ ಚಟ್ನಿ. ರೊಟ್ಟಿ ಮುರಿಯುತ್ತ ಶಮೀಮಾ ಮೆಲ್ಲಗೆ ಅಂದಳು, "ಸಿನಿಮಾ ನೋಡ್ದಂಗೆ ಕೇಳಿದ್ರು ಅಕ್ಕಾ. ನಾವು ಹೋದ್ಮೇಲೆ ಅವ್ರಿಗೆ ನೆನಪಿರೋದು ಆ ಸದ್ದು ಒಂದೇ." ನನಗೂ ಹಾಗೆಯೇ ಅನ್ನಿಸಿತ್ತು. ನಾಳೆ ಸದ್ದಿನ ಮಾತೇ ಎತ್ತುವುದಿಲ್ಲ ಎಂದೆ.

ಮರುದಿನ ಶಿರಾಳಕೊಪ್ಪದವರೆಗೆ ಒಂದು ಬಸ್ಸು, ಅಲ್ಲಿಂದ ತೊಗರ್ಸಿಗೆ ಇನ್ನೊಂದು. ಎರಡನೆಯದರಲ್ಲಿ ಹಿಂದಿನ ಸೀಟುಗಳ ತುಂಬ ಶುಂಠಿಯ ಚೀಲ. ಇಡೀ ಬಸ್ಸಿಗೆ ಹಸಿ ಶುಂಠಿಯ ಘಾಟು. ಊರೊಳಗೆ ಇಳಿದಾಗ ಮಲ್ಲಿಕಾರ್ಜುನ ದೇವಸ್ಥಾನದ ಕಟ್ಟೆಯ ಮೇಲೆ ಕೂತಿದ್ದ ಹಿರಿಯರೊಬ್ಬರು, ನಾವು ಕೇಳುವ ಮೊದಲೇ "ಸಾಲಿ ಆ ಕಡೀಗೈತ್ರಿ" ಎಂದು ಕೈ ತೋರಿಸಿದರು.

ಹತ್ತನೇ ತರಗತಿಯ ಕೋಣೆಗೇ ಒಂಬತ್ತನೆಯವರನ್ನೂ ಕರೆತಂದು ಒತ್ತೊತ್ತಾಗಿ ಕೂರಿಸಿದ್ದರು. ಕುರ್ಚಿ ಒಂದೇ ಇತ್ತು. ಹೆಡ್‌ಮಾಸ್ಟ್ರು ಇನ್ನೊಂದಕ್ಕೆ ಹೇಳಿಕಳಿಸಲು ಹೊರಟರು. ಶಮೀಮಾ "ಇರ್ಲಿ ಬಿಡ್ರಿ ಸರ್" ಎಂದು ಹೋಗಿ ಕೊನೆಯ ಬೆಂಚಿನಲ್ಲಿ, ಎರಡು ಜಡೆಯ ಹುಡುಗಿಯೊಬ್ಬಳ ಪಕ್ಕ ಕೂತಳು. ಹಾಗಾಗಿ ಅವತ್ತು ಶಮೀಮಾಳನ್ನು ಯಾರೂ ಪರಿಚಯ ಮಾಡಿಸಲಿಲ್ಲ. ಆ ಹುಡುಗಿಯ ಹೆಸರು ಚೈತ್ರಾ, ಮನೆಯವರು ಕುರಿ ಸಾಕುವವರು ಎಂಬುದು ನನಗೆ ಆಮೇಲೆ ತಿಳಿಯಿತು. ಅವಳು ಶಮೀಮಾಳ ಬಲಗೈ ನೋಡಿ, ಏನೂ ಕೇಳದೆ, ನೀರಿನ ಬಾಟಲಿಯ ಮುಚ್ಚಳ ತಾನೇ ತಿರುಗಿಸಿ ಕೊಟ್ಟದ್ದನ್ನು ಮಾತ್ರ ನಾನು ಮುಂದಿನಿಂದ ಕಂಡೆ.

ನಾನು ಆ ದಿನ ಸರೋಜಳ ವಿಷಯ ಹೇಳಿದೆ. ನನ್ನ ಜೊತೆ ಅದೇ ಅಂಗಡಿಯಲ್ಲಿ ಇದ್ದವಳು. ಬಾಗಿಲ ಬಳಿಯ ಕೌಂಟರು ಅವತ್ತು ನನ್ನದಾಗಿತ್ತು. ನನಗೆ ತಲೆನೋವೆಂದು ಅವಳು ಅಲ್ಲಿ ನಿಂತು ನನ್ನನ್ನು ಒಳಗೆ ಕಳಿಸಿದ್ದಳು. ಅವಳ ಮಗಳು ಆಗ ಏಳನೇ ಕ್ಲಾಸು. ಪ್ರತಿ ಭಾನುವಾರ ಅಮ್ಮನಿಂದ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದವಳು, ಆಮೇಲೆ ಒಂದು ವರ್ಷ ಯಾರ ಕೈಯಿಂದಲೂ ತಲೆ ಮುಟ್ಟಿಸಿಕೊಳ್ಳಲಿಲ್ಲ. ಇಷ್ಟನ್ನು ಹೇಳಿದೆ. ಮುಂದಿನ ಸಾಲಿನಲ್ಲಿ ಇಬ್ಬರು ಹುಡುಗಿಯರು ಅಳುತ್ತಿದ್ದರು. ಈ ಸಲ ಮಕ್ಕಳಿಗೆ ತಟ್ಟಿತು ಎಂದು ನನಗೆ ಒಳಗೊಳಗೇ ಸಮಾಧಾನವಾಯಿತು.

ಆಗ ಚೈತ್ರಾ ಎದ್ದು ನಿಂತಳು. ಅವಳ ಕೆನ್ನೆಯೂ ಒದ್ದೆಯಾಗಿತ್ತು.

"ಅವ್ರನ್ನೆಲ್ಲ ಹಂಗ ಸುಡಬೇಕ್ರಿ ಮೇಡಂ. ಒಬ್ರನ್ನೂ ಬಿಡಬಾರ್ದು."

"ಯಾರನ್ನಮ್ಮಾ?" ಎಂದೆ.

"ಆ ಮಂದೀನ್ರಿ. ಆ ಧರ್ಮದ ಮಂದೀನ. ಎಲ್ಲಾರೂ ಹಂಗೇ ಅಂತ ನಮ್ಮ ಗ್ರೂಪಿನಾಗ ಬಂದಿತ್ತು."

ಎಲ್ಲಿಂದಲೋ ಒಂದು ಚಪ್ಪಾಳೆ ಕೇಳಿತು. ಆಮೇಲೆ ಅರ್ಧ ತರಗತಿ ತಟ್ಟಿತು. ಹೆಡ್‌ಮಾಸ್ಟ್ರು "ಏ, ಕುಂದರ್ರೋ ಸುಮ್ನೆ" ಎಂದು ಗದರಿದರು. ಚೈತ್ರಾ ಕೂರಲಿಲ್ಲ. ಶಮೀಮಾ ಕುಡಿದು ಕೊಟ್ಟ ಬಾಟಲಿ ಇನ್ನೂ ಅವಳ ಕೈಯಲ್ಲೇ ಇತ್ತು. ಅವಳು ಕೆಟ್ಟ ಹುಡುಗಿಯಲ್ಲ. ಸರೋಜಳಿಗಾಗಿ, ನನಗಾಗಿ ಅಳುತ್ತಲೇ ಆ ಮಾತು ಆಡಿದ್ದಳು. ಆ ಸಿಟ್ಟನ್ನು ಅವಳೊಳಗೆ ಕೆದಕಿದ್ದು ನನ್ನ ಕಥೆಯೇ. ಆರು ವರ್ಷದಿಂದ ಎಷ್ಟು ಶಾಲೆಗಳಲ್ಲಿ ಹೀಗೇ ಆಗಿರಬಹುದು, ಎದ್ದು ಹೇಳದೆ ಎಷ್ಟು ಮಕ್ಕಳು ಇದೇ ಮಾತನ್ನು ಮನೆಗೆ ಒಯ್ದಿರಬಹುದು ಎಂದು ಯೋಚನೆ ಬಂತು.

ಶಮೀಮಾಳನ್ನು ನೋಡಿದೆ. ಅವಳು ಬೆಂಚಿನ ಮೇಲಿನ ಗೀರುಗಳನ್ನು ನೋಡುತ್ತಿದ್ದಳು.

ಬುದ್ಧಿಮಾತು ನನ್ನ ಬಾಯಿಗೆ ಬರಲಿಲ್ಲ. ಹನ್ನೊಂದು ವರ್ಷ ಯಾರಿಗೂ ಹೇಳದ್ದು ಬಂತು.

"ನೀನು ಈಗ ಹೇಳಿದ್ಯಲ್ಲ, ಅದೇ ಮಾತು ನಾನೂ ಹೇಳಿದ್ದೆ" ಎಂದೆ. "ಆಸ್ಪತ್ರೆಗೆ ಸೇರಿಸಿದ ಮೂರನೇ ದಿನ. ಪಕ್ಕದ ಹಾಸಿಗೆಯಲ್ಲಿ ಒಬ್ಬ ಹೆಂಗಸು ಮಲಗಿದ್ದಳು. ಅದೇ ಬಾಂಬಿಗೆ ಗಂಡನನ್ನೂ ಬೆರಳುಗಳನ್ನೂ ಕಳ್ಕೊಂಡವಳು. ಅದು ನನಗೆ ಗೊತ್ತಿತ್ತು. ಆದರೂ ಹಾಸಿಗೆಗೆ ತೂಗುಹಾಕಿದ ಚೀಟಿಯಲ್ಲಿ ಅವಳ ಹೆಸರು ಓದಿ, ನರ್ಸಮ್ಮನನ್ನು ಹತ್ತಿರ ಕರೆದು, ಇವಳ ಪಕ್ಕ ನಾನು ಮಲಗೋದಿಲ್ಲ, ನನ್ನ ಹಾಸಿಗೆ ಬದಲಾಯಿಸಿ, ಇವರನ್ನೆಲ್ಲ ಹೀಗೇ ಸುಡಬೇಕು ಅಂದೆ."

ಚೈತ್ರಾಳ ಮುಖದಲ್ಲಿ ಗಲಿಬಿಲಿ. ನಿಂತಲ್ಲಿಂದಲೇ ಕೇಳಿದಳು, "ಆಮ್ಯಾಲೆ ಹಾಸಿಗಿ ಬದಲಿ ಮಾಡಿದ್ರೇನ್ರಿ?"

"ಇಲ್ಲ."

"ಯಾಕ್ರಿ?"

"ಖಾಲಿ ಹಾಸಿಗೆ ಇರಲಿಲ್ಲ. ಅಷ್ಟೇ. ನನಗೆ ಒಳ್ಳೇ ಬುದ್ಧಿ ಬಂದಿತ್ತು ಅಂತಲ್ಲ. ಇನ್ನೊಂದು ಹಾಸಿಗೆ ಇದ್ದಿದ್ದರೆ ಹೋಗಿಬಿಡುತ್ತಿದ್ದೆ. ಅವಳನ್ನು ಇವತ್ತಿಗೂ ಆ ಮಂದಿ ಅಂತಲೇ ಅನ್ನುತ್ತಿದ್ದೆನೋ ಏನೋ."

ಶಮೀಮಾ ಎದ್ದು ಬೆಂಚುಗಳ ನಡುವೆ ನಡೆದು ಮುಂದೆ ಬಂದಳು. ನನ್ನ ಕಡೆ ತಿರುಗಲಿಲ್ಲ. ಸೆರಗಿನಿಂದ ಬಲಗೈ ಹೊರತೆಗೆದು ಮೇಜಿನ ಮೇಲೆ ಇಟ್ಟಳು.

"ನನ್ನ ಹೆಸ್ರು ಶಮೀಮಾ. ಆ ಪಕ್ಕದ ಹಾಸಿಗೆ ನಂದು."

ಚೈತ್ರಾ ಮೆಲ್ಲಗೆ ಕೂತು ಬೆಂಚಿನ ಮೇಲೆ ಹಣೆ ಊರಿದಳು. ಶಮೀಮಾ ಅವಳನ್ನು ಏನೂ ಅನ್ನಲಿಲ್ಲ. ಮೊಬೈಲಿನ ಪಾಠ ಶುರುಮಾಡಿದಳು. ದನಿ ಚಪ್ಪಟೆಯಾಗಿತ್ತು, ಒಂದು ತಮಾಷೆಯೂ ಇರಲಿಲ್ಲ.

ಗೇಟಿನ ಹತ್ತಿರ ಚೈತ್ರಾ ಓಡಿ ಬಂದಳು. ಬಾಟಲಿ ಕೊಟ್ಟು, ಹೇಳಬೇಕಾದ್ದು ಹೊಳೆಯದೆ ನಿಂತು, ಕೊನೆಗೆ "ನಮ್ಮ ಮನೀಗೆ ಬರ್ರಿ, ಮೊನ್ನೆ ಹುಟ್ಟಿದ ಮರಿ ಐದು ಅದಾವ" ಎಂದಳು. ಶಮೀಮಾ ಅವಳ ಜಡೆಯ ಸಡಿಲಾದ ರಿಬ್ಬನ್ನನ್ನು ಎಡಗೈಯಿಂದಲೇ ಬಿಗಿಮಾಡಿ, "ಇವತ್ತು ಬಸ್ಸು ತಪ್ಪುತ್ತೆ ಕಣಮ್ಮ. ಮರಿ ದೊಡ್ಡವಾಗೋದ್ರೊಳಗೆ ಬರ್ತೀನಿ" ಎಂದಳು.

ನನ್ನ ಜೊತೆ ಮಾತ್ರ ಮಾತಿಲ್ಲ. ಬಸ್‌ಸ್ಟಾಪಿನಲ್ಲಿ ಮುಕ್ಕಾಲು ಗಂಟೆ ಕಾದೆವು, ಮಾತಿಲ್ಲ. ಶಿರಾಳಕೊಪ್ಪದಲ್ಲಿ ಸೊರಬದ ಬಸ್ಸು ಹತ್ತುವಾಗ ಅವಳೇ ಮೊದಲು ಹತ್ತಿ ಹೆಂಗಸೊಬ್ಬರ ಪಕ್ಕ ಖಾಲಿಯಿದ್ದ ಸೀಟಿನಲ್ಲಿ ಕೂತಳು. ನಾನು ಎರಡು ಸಾಲು ಹಿಂದೆ ಕೂತೆ. ಕಿಟಕಿಯ ಹೊರಗೆ ಮೆಕ್ಕೆಜೋಳ ಕಡಿಮೆಯಾಗುತ್ತ ಬಂದು ಭತ್ತದ ಗದ್ದೆಗಳು ಶುರುವಾದವು. ಕೆಲವು ಕೊಯ್ದು ಮುಗಿದಿದ್ದವು, ಕೆಲವುಗಳಲ್ಲಿ ಕೊಯ್ಲಿನ ಯಂತ್ರ ಓಡುತ್ತಿತ್ತು. ನನಗೆ ಕಾಣುತ್ತಿದ್ದದ್ದು ಶಮೀಮಾಳ ಬೆನ್ನು ಮಾತ್ರ. ಆರು ವರ್ಷ ಒಟ್ಟಿಗೆ ಓಡಾಡಿದ್ದು ಇಲ್ಲಿಗೆ ಮುಗಿಯಿತು, ನಾಳೆ ಉಳವಿಗೆ ನಾನೊಬ್ಬಳೇ ಹೋಗಬೇಕಾದೀತು ಎಂದುಕೊಂಡೆ. ಸೊರಬದವರೆಗಿನ ಇಪ್ಪತ್ತು ಕಿಲೋಮೀಟರ್ ಅಷ್ಟು ದೂರವೆಂದು ನನಗೆ ಯಾವತ್ತೂ ಅನ್ನಿಸಿರಲಿಲ್ಲ.

ಸೊರಬದಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ಕೋಣೆಯೊಂದನ್ನು ನಮಗೆ ಕೊಟ್ಟಿದ್ದರು. ಚೀಲ ಇಟ್ಟು ಕೈಕಾಲು ತೊಳೆದ ಮೇಲೆ ಶಮೀಮಾ "ಚಹಾ ಕುಡಿದು ಬರೋಣ" ಎಂದಳು. ಬಿಸಿಲು ಇನ್ನೂ ಇತ್ತು. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಬಿಸಿ ಗೋಳಿಬಜೆ ಹಾಕುತ್ತಿದ್ದರು. ಒಂದು ಪ್ಲೇಟು ತರಿಸಿದೆವು. ಇಬ್ಬರೂ ಮುಟ್ಟಲಿಲ್ಲ.

"ನಂಗೆ ಮೊದ್ಲೇ ಗೊತ್ತಿತ್ತು ಅಕ್ಕಾ" ಎಂದಳು.

"ಏನು?"

"ನರ್ಸಮ್ಮನ ಹತ್ರ ನೀವು ಹೇಳಿದ್ದು. ಪಿಸುಗುಟ್ಟಿದೆ ಅಂದ್ಕೊಂಡಿದ್ರಿ ನೀವು. ಆಗ ನಿಮ್ಗೆ ಎರಡೂ ಕಿವಿ ಕೇಳ್ತಿರ್ಲಿಲ್ಲ. ಕೂಗಿ ಹೇಳಿದ್ರಿ. ಇಡೀ ವಾರ್ಡು ಕೇಳ್ತು."

ಹನ್ನೊಂದು ವರ್ಷ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಪಕ್ಕ ಮಲಗಿದ್ದಳು, ನನ್ನ ಪಕ್ಕ ಬಸ್ಸಿನಲ್ಲಿ ಕೂತಿದ್ದಳು.

"ಹಾಗಾದ್ರೆ ಇವತ್ತು ಯಾಕೆ ಮಾತು ಬಿಟ್ಟೆ?"

ಅವಳು ಚಹಾದ ಲೋಟವನ್ನು ಎರಡು ಕೈಯಿಂದಲೂ ಹಿಡಿದಳು. "ಇವತ್ತಲ್ಲ ನಾಳೆ ನಂಗೆ ಹೇಳ್ತೀರಿ ಅಂತ ಕಾದಿದ್ದೆ. ಎಷ್ಟು ಊರು ಸುತ್ತಿದ್ವಿ, ಎಷ್ಟು ಬಸ್ಸಿನಾಗೆ ಪಕ್ಕ ಕೂತ್ವಿ. ಒಂದಿನ ಹೇಳ್ಲಿಲ್ಲ. ಇವತ್ತು ನಂಗಿಂತ ಮೊದ್ಲು ಆ ಮಕ್ಕಳಿಗೆ ಹೇಳಿಬಿಟ್ರಿ. ನಾನು ಹಿಂದಿನ ಬೆಂಚಿನಾಗೆ ಕೂತು ಕೇಳ್ಬೇಕಾಯ್ತು."

ಅವಳ ಮಾತು ನ್ಯಾಯವಾಗಿತ್ತು. "ತಪ್ಪಾಯ್ತು ಶಮೀಮಾ. ಆಗ ಹೇಳಿದ್ದೂ ತಪ್ಪು, ಇಷ್ಟು ದಿನ ಹೇಳದೇ ಇದ್ದದ್ದೂ ತಪ್ಪು" ಎಂದೆ. ಹೇಳುವಾಗ ನನಗೆ ಅಳು ಬಂತು. ಹೋಟೆಲಿನವರು ಈ ಕಡೆ ನೋಡಿ, ನೋಡದವರಂತೆ ಒಳಗೆ ಹೋದರು.

ಶಮೀಮಾ ಲೋಟ ಕೆಳಗಿಟ್ಟಳು. ಆಮೇಲೆ ಹೇಳಿದಳು, "ನಾನೂ ಒಂದು ಹೇಳಿಲ್ಲ. ಮಾರನೇ ದಿನ ನೀವು ನೀರು ಕೇಳಿದ್ರಿ. ಜಗ್ಗು ನನ್ನ ಕಡೆ ಇತ್ತು. ಎಡಗೈ ಚೆನ್ನಾಗಿತ್ತು, ಕೊಡಬೋದಾಗಿತ್ತು. ಎರಡು ಸಲ ಕೇಳಿದ್ರೂ ಕಣ್ಮುಚ್ಚಿ ಮಲಗಿದ್ದೆ. ಸಾಯ್ಲಿ ಅಂತ ಅನ್ನಿಸಿತ್ತು ಅಕ್ಕಾ, ಸುಳ್ಳು ಹೇಳಲ್ಲ."

"ಆದರೂ ಕೊಟ್ಟೆಯಲ್ಲ. ನನಗೆ ನೆನಪಿದೆ."

"ಮೂರನೇ ಸಲಕ್ಕೆ ಕೊಟ್ಟೆ. ಅಷ್ಟು ಜೋರಾಗಿ ಕೂಗ್ತಿದ್ರಿ, ನಿದ್ದೆ ಎಲ್ಲಿಂದ ಬರ್ಬೇಕು?"

ಅವಳು ಮೊದಲು ನಕ್ಕಳೋ ನಾನೋ ತಿಳಿಯಲಿಲ್ಲ. ಕಣ್ಣೊರೆಸಿಕೊಂಡು ಆರಿದ ಗೋಳಿಬಜೆಯನ್ನೇ ತಿಂದೆವು. ಇನ್ನೊಂದು ಪ್ಲೇಟು ಬಿಸಿಯದು ಹೇಳಿದೆವು.

ಮೂರನೆಯ ದಿನ ಉಳವಿಗೆ ಖಾಸಗಿ ಬಸ್ಸು. ಆಧಾರ್ ಕಾರ್ಡಿಗೆ ಅಲ್ಲಿ ಬೆಲೆಯಿಲ್ಲ, ಟಿಕೆಟ್ ಕೊಂಡೆವು. ಬೆಳಗಿನ ಮಂಜು ಗದ್ದೆಯ ಮೇಲೆ ಇನ್ನೂ ನಿಂತಿತ್ತು. ಶಾಲೆಯ ಶಿಕ್ಷಕಿ ಬಾಗಿಲಲ್ಲೇ ಎದುರಾಗಿ "ಬನ್ನಿ ಬನ್ನಿ, ಚಳಿಗೆ ಬಂದಿದೀರಿ. ಎಂತ ತಗೋತೀರಿ, ಕಾಫಿ ಆಗ್ಬೋದಾ?" ಎಂದರು. ಕಾಫಿಯ ಜೊತೆ ಬಾಳೆಹಣ್ಣೂ ಬಂತು.

ಅವತ್ತು ಶಮೀಮಾ ಮೊದಲು ಮಾತಾಡಿದಳು. ಬಾಂಬಿನಿಂದ ಶುರುಮಾಡಲಿಲ್ಲ, ನೀರಿನ ಜಗ್ಗಿನಿಂದ ಶುರುಮಾಡಿದಳು. ಪಕ್ಕದ ಹಾಸಿಗೆಯವಳ ಮೇಲೆ ಸಿಟ್ಟು, ಎರಡು ಸಲ ಮುಚ್ಚಿದ ಕಣ್ಣು. ಆಮೇಲೆ ನಾನು ಎದ್ದು, ಆ ಪಕ್ಕದ ಹಾಸಿಗೆಯವಳು ನಾನೇ ಎಂದು ಹೇಳಿ, ಅವಳಿಗೆ ಸಿಟ್ಟು ಬಂದದ್ದು ಯಾಕೆಂದು ವಿವರಿಸಿದೆ. ಬಾಂಬಿನ ಮಾತು ಬಂದದ್ದು ಕಟ್ಟಕಡೆಗೆ, ಎರಡೇ ವಾಕ್ಯದಲ್ಲಿ. ಸದ್ದು ಎಷ್ಟು ದೊಡ್ಡದಿತ್ತು ಎಂದು ಯಾರೂ ಕೇಳಲಿಲ್ಲ.

ಮಧ್ಯದ ಸಾಲಿನಲ್ಲಿದ್ದ ಹುಡುಗಿಯೊಬ್ಬಳು ಕೈ ಎತ್ತಿದಳು. ಪ್ರಶ್ನೆ ಕೇಳುತ್ತಾಳೆಂದುಕೊಂಡೆ. ಅವಳು ಪಕ್ಕದ ಸಾಲಿನ ಗೆಳತಿಯನ್ನು ತೋರಿಸಿ, "ನಾನು ಇವ್ಳ ಹತ್ರ ಮಾತು ಬಿಟ್ಟು ಎರಡು ತಿಂಗ್ಳಾಯ್ತು ಕಣ್ರಿ. ಗ್ರೂಪಲ್ಲಿ ಒಂದು ವಿಡಿಯೋ ಬಂದಿತ್ತು. ಅದ್ರಲ್ಲಿ ಇವ್ಳ ಜನ ಹೀಗೆ ಹಾಗೆ ಅಂತಿತ್ತು. ಇವ್ಳು ಎಂತ ಮಾಡಿದ್ದೂ ಇಲ್ಲ" ಎಂದಳು. ಗೆಳತಿ ತಲೆ ತಗ್ಗಿಸಿ ಪೆನ್ನಿನ ಮುಚ್ಚಳ ತೆಗೆದು ಹಾಕುತ್ತಿದ್ದಳು.

ಆರು ವರ್ಷದಲ್ಲಿ ಮಕ್ಕಳು ನಮ್ಮ ಬಗ್ಗೆ ಬೇಕಾದಷ್ಟು ಕೇಳಿದ್ದರು. ತಮ್ಮ ಬಗ್ಗೆ ಒಂದು ಮಗು ಎದ್ದು ಹೇಳಿದ್ದು ಇದೇ ಮೊದಲು.

ಶಮೀಮಾ ಇಬ್ಬರನ್ನೂ ಮುಂದೆ ಕರೆಯಲಿಲ್ಲ, ಕೈ ಕುಲುಕಿಸಲಿಲ್ಲ. "ಈಗ್ಲೇ ಏನೂ ಮಾಡ್ಬೇಡ್ರಿ. ಊಟದ ಹೊತ್ತಿಗೆ ತಟ್ಟೆ ತಗೊಂಡು ಅವ್ಳ ಪಕ್ಕ ಕೂತ್ಕೋ. ಅಷ್ಟು ಸಾಕು" ಎಂದಳು. ನಾವು ಹೊರಡುವಾಗ ಊಟದ ಗಂಟೆ ಹೊಡೆಯಿತು. ಜಗಲಿಯಲ್ಲಿ ಮಕ್ಕಳೆಲ್ಲ ತಟ್ಟೆ ಹಿಡಿದು ಗುಂಪಾಗಿದ್ದರು. ಅವರಿಬ್ಬರು ಒಟ್ಟಿಗೆ ಕೂತರೋ ಇಲ್ಲವೋ ನನಗೆ ಕಾಣಲಿಲ್ಲ. ಬಸ್ಸು ಬಂದುಬಿಟ್ಟಿತು.

ಸೊರಬ, ಶಿಕಾರಿಪುರ, ಹೊನ್ನಾಳಿ ಎಂದು ಬಸ್ಸು ಬದಲಿಸುತ್ತ ವಾಪಸ್ಸು ಬಂದೆವು. ಶಮೀಮಾ ನನ್ನ ಬಲಗಡೆ ಕೂತು ಮಲೆಬೆನ್ನೂರಿನವರೆಗೂ ನಿದ್ದೆ ಮಾಡಿದಳು. ಹರಿಹರ ಬಂದಾಗ ಎದ್ದು ಚೀಲ ಹೆಗಲಿಗೆ ಹಾಕಿ, "ಬರ್ಲಾ ಅಕ್ಕಾ" ಎಂದಳು.

ಇಷ್ಟು ವರ್ಷದಲ್ಲಿ ನಾನು ಅವಳ ಮನೆಗೆ ಒಂದು ಸಲವೂ ಹೋಗಿರಲಿಲ್ಲ. ಮೊದಮೊದಲು ಕರೆಯುತ್ತಿದ್ದಳು. ಹೊತ್ತಾಯಿತು, ಇನ್ನೊಮ್ಮೆ ಬರುತ್ತೇನೆ, ಹೊಟ್ಟೆ ತುಂಬಿದೆ ಎಂದು ಪ್ರತಿಸಲ ಏನಾದರೊಂದು ಹೇಳುತ್ತಿದ್ದೆ. ಅವಳು ಕರೆಯುವುದನ್ನು ಬಿಟ್ಟು ಎಷ್ಟು ಕಾಲವಾಯಿತು ಎಂಬುದೂ ನನಗೆ ನೆನಪಿಲ್ಲ. ಅವತ್ತೂ ಅವಳು ಕರೆಯಲಿಲ್ಲ.

"ಶಮೀಮಾ, ನಾನು ನಿಮ್ಮನೆಗೆ ಬರಲಾ?" ಎಂದು ಕೇಳಿದೆ.

ಅವಳು ಬಾಗಿಲ ಕಂಬಿ ಹಿಡಿದು ತಿರುಗಿ ನೋಡಿದಳು. ಹಿಂದಿನವರು ಇಳಿಯಲು ಅವಸರ ಮಾಡುತ್ತಿದ್ದರು.

"ಮನೆಯಾಗೆ ಅತ್ತೆ ಒಬ್ರೇ ಇರೋದು. ಅನ್ನ ಆಗಿರಲ್ಲ. ಮಾಡೋವರ್ಗೂ ಕಾಯ್ಬೇಕಾಗುತ್ತೆ."

"ಕಾಯ್ತೀನಿ" ಎಂದೆ.

ನನ್ನ ಚೀಲ ತೆಗೆದುಕೊಂಡು ಇಳಿದೆ. ಕಂಡಕ್ಟರ್ "ದಾವಣಗೆರೆ ಇನ್ನೂ ಬಂದಿಲ್ಲಮ್ಮ" ಎಂದು ಹಿಂದಿನಿಂದ ಕೂಗಿದರು. ಗೊತ್ತು ಎಂದು ಕೈ ಆಡಿಸಿದೆ. ಬಸ್ಸು ಸ್ಟ್ಯಾಂಡು ದಾಟಿ ತಿರುವಿನಲ್ಲಿ ಮರೆಯಾಗುವವರೆಗೆ ನಿಂತು ನೋಡಿದೆವು. ಆಮೇಲೆ ಶಮೀಮಾ, ಸೊಪ್ಪು ಕೊಳ್ಳಬೇಕೆಂದು ನನ್ನನ್ನು ಸಂತೆಬೀದಿಯ ಕಡೆಗೆ ಕರೆದುಕೊಂಡು ಹೋದಳು.